ಮಗಳ ಕೈಯ ನೀಲಿ ಪಟ್ಟಿ

ನಾಲ್ಕು ಜನರ ಮುಂದೆ ನನ್ನ ಗಂಡನನ್ನು ನಾನು ‘ಅವರು’ ಎಂದೇ ಕರೆಯುವುದು. ಆದರೆ ಆ ಪ್ರವಾಸದ ಕಥೆ ಹೇಳುವಾಗ ಮಾತ್ರ ಬಹುವಚನ ಬಾಯಿಗೆ ಬರುವುದಿಲ್ಲ. ಬಲವಂತವಾಗಿ ತರಲು ಹೋದರೆ ಗಂಟಲು ಉರಿಯುತ್ತದೆ. ಅದಕ್ಕೇ ಅವನು ಎಂದು ಹೇಳುತ್ತೇನೆ. ತಪ್ಪು ತಿಳಿಯುವವರು ತಿಳಿದುಕೊಳ್ಳಲಿ.

ಅವನು ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಗುಮಾಸ್ತ. ಟೋಕನ್ ನಂಬರ್ ಕೂಗುವುದು, ಫೋನ್ ಎತ್ತುವುದು, ಚೀಟಿ ಬರೆಯುವುದು ಅವನ ಕೆಲಸ. ಚೀಟಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಡಾಕ್ಟರಿಗೆ ಬರೆಯುವುದೆಂದರೆ ತಲೆನೋವು. ದಿನಾ ಬೆಳಿಗ್ಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ತಮ್ಮ ಹೆಸರು ಅಚ್ಚಾದ ಹತ್ತು ಖಾಲಿ ಹಾಳೆಗಳ ಕೆಳಗೆ ಸಹಿ ಹಾಕಿಬಿಡುತ್ತಾರೆ. ಮೇಲಿನದನ್ನು ತುಂಬುವುದು ನನ್ನ ಗಂಡ. ಮೂರು ದಿನ ಜ್ವರ, ಐದು ದಿನ ಬೆನ್ನುನೋವು, ಒಂದು ವಾರ ಕಾಲು ಉಳುಕು. ಯಾವ ಕಾಯಿಲೆ ಎಷ್ಟು ದಿನದ ರಜೆಗೆ ಸರಿಹೋಗುತ್ತದೆ ಎಂಬುದು ಡಾಕ್ಟರಿಗಿಂತ ಇವನಿಗೇ ಚೆನ್ನಾಗಿ ಗೊತ್ತು. ಸಂಜೆ ಉಳಿದ ಹಾಳೆಗಳನ್ನು ಹರಿದು ಹಾಕಬೇಕು ಎನ್ನುವುದು ಅಲ್ಲಿನ ನಿಯಮ.

ನಾನು ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಮುಗಿದ ಅಂಗಿಗಳನ್ನು ತಪಾಸಣೆ ಮಾಡುವವಳು. ಕಾಲರ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಸಾಕು, ಕೆಂಪು ಚೀಟಿ ಅಂಟಿಸಿ ಆಚೆಗೆ ಎಸೆಯುತ್ತೇನೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡಿ ಮಾಡಿ ನನ್ನ ಕಣ್ಣಿಗೆ ತಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ಅಂಥ ಕಣ್ಣಿಗೆ, ನನ್ನ ಮನೆಯಲ್ಲೇ, ನನ್ನ ಬೆನ್ನ ಹಿಂದೆಯೇ ನಾಲ್ಕು ದಿನ ನಡೆದದ್ದು ಕಾಣಲಿಲ್ಲ. ನನ್ನ ಮೊದಲ ಸಿಟ್ಟು ನನ್ನ ಮೇಲೆಯೇ.

ನಮ್ಮ ಮಗಳಿಗೆ ಒಂಬತ್ತು ವರ್ಷ. ಹುಟ್ಟಿದಾಗ ಗುಂಡಗಿದ್ದಳೆಂದು ಗುಂಡಿ ಎಂದು ಕರೆದದ್ದು ಹಾಗೇ ಉಳಿದಿದೆ. ಈಗ ಕಡ್ಡಿಯಂತಿದ್ದಾಳೆ. ನಾವು ಪ್ರವಾಸ ಹೋದ ಆಟಗಳ ಪಾರ್ಕಿನ ಜಾಹೀರಾತಿನ ಹಾಳೆಯನ್ನು ಅವಳ ಶಾಲೆಯಲ್ಲಿ ಹಂಚಿದ್ದರು. ದೈತ್ಯ ಚಕ್ರ, ನೀರಿನ ಜಾರುಬಂಡೆ, ಕತ್ತಲೆಯ ಗುಹೆಯ ರೈಲು ಎಲ್ಲ ಇದ್ದವು. ಇವಳು ಅದರಿಂದ ಒಂದೇ ಒಂದು ಚಿತ್ರ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದಳು. ಏಳು ಬಣ್ಣದ ಏಳು ಉಂಡೆಗಳನ್ನು ಒಂದರ ಮೇಲೊಂದು ಕೂರಿಸಿದ ಐಸ್‌ಕ್ರೀಮ್ ಗೋಪುರ, ತುದಿಯಲ್ಲಿ ಬಿಸ್ಕತ್ತಿನ ಬಾವುಟ. ಐದು ತಿಂಗಳು ಬೀರು ತೆರೆದಾಗಲೆಲ್ಲ ಅದನ್ನು ನೋಡಿದ್ದೇನೆ. ಬೇರೇನೂ ಕೇಳುವುದಿಲ್ಲ, ಅದೊಂದು ಮಾತ್ರ, ಎಂದು ಅವಳು ಹೇಳಿದ್ದಳು. ಅಪ್ಪ ತಲೆಯ ಮೇಲೆ ಕೈಯಿಟ್ಟು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ. ನಾನೂ ಮನಸ್ಸಿನಲ್ಲೇ ಕೊಟ್ಟಿದ್ದೆ. ಬೆಲೆ ಎಷ್ಟೆಂದು ಕೇಳದೆ, ಅಪ್ಪನ ಮುಖ ನೋಡದೆ, ಎಲ್ಲರ ಎದುರು ಬೆಂಚಿನ ಮೇಲೆ ಕಾಲು ಆಡಿಸುತ್ತ ನನ್ನ ಮಗಳು ಒಂದು ಸಲವಾದರೂ ತಿನ್ನಬೇಕು. ನನಗೆ ಆ ಪ್ರವಾಸದಿಂದ ಬೇಕಿದ್ದದ್ದು ಅಷ್ಟೇ.

ನನ್ನ ಗಂಡ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಹಾಗೆಂದು ನಾವು ತೀರಾ ಇಲ್ಲದವರೂ ಅಲ್ಲ. ಎರಡು ದಿನದ ಟಿಕೆಟ್ಟಿಗೆ, ವಸತಿಗೃಹದ ಕೋಣೆಗೆ, ಬಸ್ಸಿಗೆ ಅವನು ಒಂದು ಮಾತೂ ಆಡದೆ ಕೊಟ್ಟ. ಅವನ ಜುಗ್ಗತನವೆಲ್ಲ ಊಟದ ವಿಷಯದಲ್ಲಿ. ಮನೆಯ ಹೊರಗೆ ದುಡ್ಡು ಕೊಟ್ಟು ತಿಂದರೆ ಅವನಿಗೆ ತಾನು ಮೋಸಹೋದ ಹಾಗೆ. ಹೋಟೆಲಿನ ಬೋರ್ಡು ನೋಡಿದರೂ ಸಾಕು, ಇದೇ ಆಲೂಗಡ್ಡೆ ಮಾರುಕಟ್ಟೆಯಲ್ಲಿ ಎಷ್ಟು ಗೊತ್ತಾ ಎಂದು ಶುರುಮಾಡುತ್ತಾನೆ. ನನ್ನ ಕಿವಿಗೆ ಹೂ ಇಡುವವರು ಇನ್ನೂ ಹುಟ್ಟಿಲ್ಲ ಎನ್ನುವುದು ಅವನ ಮಂತ್ರ.

ವಸತಿಗೃಹದ ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿತ್ತು. ಅಲ್ಲಿಂದಲೇ ಆಟ ಶುರು. ತಿಂಡಿಯ ಕೋಣೆ ತೆರೆಯುವ ಮೊದಲೇ ನಾವು ಮೂವರೂ ಬಾಗಿಲಲ್ಲಿ ನಿಂತಿದ್ದೆವು. ಮೊದಲ ಸಲ ಹಸಿವೆಗೆ ತಿನ್ನಿ, ಎರಡನೆಯ ಸಲ ಮಧ್ಯಾಹ್ನಕ್ಕೆ ತಿನ್ನಿ ಎಂದು ಅವನು ತಟ್ಟೆ ತುಂಬಿಸಿ ತಂದಿಟ್ಟ. ಮೂರನೆಯ ಸಲ ತಂದದ್ದು ತಿನ್ನುವುದಕ್ಕಲ್ಲ. ಬ್ರೆಡ್ಡು, ಬಾಳೆಹಣ್ಣು, ಬೆಣ್ಣೆಯ ಪುಟ್ಟ ಪೊಟ್ಟಣಗಳು ಮೇಜಿನ ಮೇಲಿಂದ ಮಾಯವಾಗಿ ನನ್ನ ಚೀಲದೊಳಗೆ ಇಳಿದವು. ಮೊಟ್ಟೆಗಳನ್ನಂತೂ ಹಿಂದಿನ ದಿನವೇ ಹೊರಗೆ ಕೊಂಡು ತಂದು ಕೋಣೆಯಲ್ಲಿ ಟೀ ನೀರು ಕಾಯಿಸುವ ಕೆಟಲಿನಲ್ಲಿ ಬೇಯಿಸಿದ್ದಾಯಿತು. ಆಮೇಲೆ ಆ ಕೆಟಲಿನ ಟೀ ಕುಡಿದ ನನಗೇ ಗೊತ್ತು ಅದರ ವಾಸನೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಜಾತಿ. ಬಡಿಸುವ ಹೆಂಗಸು ದೂರದಿಂದ ನೋಡುತ್ತಲೇ ಇದ್ದಳು. ನಾನು ತಲೆ ತಗ್ಗಿಸಿ ಚೀಲದ ಜಿಪ್ ಎಳೆದೆ. ಎಳೆದದ್ದು ನಾನೇ, ಅದನ್ನು ಮುಚ್ಚಿಡುವುದಿಲ್ಲ.

ಪಾರ್ಕಿನ ಬಾಗಿಲಿನಲ್ಲಿ ಆಳೆತ್ತರದ ಬೋರ್ಡು: ಹೊರಗಿನ ಆಹಾರ ಒಳಗೆ ತರುವಂತಿಲ್ಲ. ಕಾವಲುಗಾರರು ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ ನೋಡುತ್ತಿದ್ದರು. ಪಕ್ಕದ ಡಬ್ಬಿಯಲ್ಲಿ ಜನರಿಂದ ಕಿತ್ತುಕೊಂಡ ಚಿಪ್ಸು, ಹಣ್ಣು, ಡಬ್ಬಿಯೂಟ ರಾಶಿ ಬಿದ್ದಿತ್ತು. ಸದ್ಯ, ಮೊಟ್ಟೆಗಳೂ ಅಲ್ಲೇ ಬೀಳುತ್ತವೆ, ಒಳಗೆ ಹೋಗಿ ಮನುಷ್ಯರ ಹಾಗೆ ಊಟ ಮಾಡಬಹುದು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಆಗ ನನ್ನ ಗಂಡ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಕಾವಲುಗಾರನ ಕೈಗೆ ಕೊಟ್ಟ.

ಡಾಕ್ಟರ ಹೆಸರು ಅಚ್ಚಾದ ಹಾಳೆ, ಕೆಳಗೆ ಡಾಕ್ಟರದೇ ಸಹಿ, ನಡುವೆ ನನ್ನ ಗಂಡನ ದುಂಡು ಅಕ್ಷರ. ಈ ಮಗುವಿಗೆ ಸಕ್ಕರೆ ಕಾಯಿಲೆಯಿದ್ದು, ಹೊತ್ತುಹೊತ್ತಿಗೆ ಮನೆಯ ಆಹಾರವನ್ನೇ ಕೊಡಬೇಕಾಗಿರುವುದರಿಂದ, ಮಗು ಮತ್ತು ಜೊತೆಯವರು ಆಹಾರ ಒಯ್ಯಲು ಅನುಮತಿ ಕೊಡಬೇಕೆಂದು ಕೋರಿಕೆ.

ಕಾವಲುಗಾರ ಓದಿ ಗುಂಡಿಯ ಮುಖ ನೋಡಿದ. ಅವಳು ಆಗಲೇ ಭುಜ ಇಳಿಬಿಟ್ಟು, ತುಟಿ ಒಣಗಿದವಳ ಹಾಗೆ ನಾಲಿಗೆಯಿಂದ ಸವರಿಕೊಂಡು ನಿಂತಿದ್ದಳು. ಎಷ್ಟು ದಿನದಿಂದ ಪುಟ್ಟಾ ಎಂದು ಅವನು ಕೇಳಿದ. ಆರು ವರ್ಷ ಇದ್ದಾಗಿನಿಂದ ಎಂದು ನನ್ನ ಮಗಳು ಹೇಳಿದಳು. ಕಣ್ಣು ಕೂಡ ಮಿಟುಕಿಸಲಿಲ್ಲ. ನಾನು ಅಡುಗೆಮನೆಯಲ್ಲಿದ್ದಾಗ ಅಪ್ಪ ಮಗಳು ಬಾಗಿಲು ಹಾಕಿಕೊಂಡು ನಾಲ್ಕು ದಿನ ಗುಸುಗುಸು ನಗುತ್ತಿದ್ದದ್ದು ಯಾಕೆಂದು ಆಗ ಗೊತ್ತಾಯಿತು. ತಾಲೀಮು ನಡೆದಿತ್ತು.

ನನ್ನ ಬಾಯಿ ತೆರೆಯಿತು. ಹಿಂದೆ ಇಪ್ಪತ್ತು ಜನ ನಿಂತಿದ್ದರು, ಹೆಗಲಲ್ಲಿ ಕದ್ದ ಬ್ರೆಡ್ಡಿನ ಚೀಲವಿತ್ತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಒಳಗೆ ಹೋಗುವವರಿಗೆಲ್ಲ ಟಿಕೆಟ್ಟಿನ ಬದಲು ಮಣಿಕಟ್ಟಿಗೆ ಕಾಗದದ ಪಟ್ಟಿ ಅಂಟಿಸುತ್ತಾರೆ. ಕತ್ತರಿಸದೆ ಅದು ಬಿಚ್ಚುವುದಿಲ್ಲ, ಅದಿಲ್ಲದೆ ಯಾವ ಆಟಕ್ಕೂ ಬಿಡುವುದಿಲ್ಲ. ನಮ್ಮಿಬ್ಬರಿಗೂ ಹಳದಿ ಪಟ್ಟಿ ಬಿತ್ತು. ಗುಂಡಿಗೆ ನೀಲಿ. ಕಾಯಿಲೆಯ ಮಕ್ಕಳಿಗೆ ನೀಲಿಯಂತೆ. ಯಾರೂ ತಿಳಿಯದೆ ಏನಾದರೂ ತಿನ್ನಿಸಬಾರದೆಂದು ಈ ವ್ಯವಸ್ಥೆ ಎಂದು ಕಾವಲುಗಾರ ವಿವರಿಸಿದ. ನನ್ನ ಗಂಡ ಅವನ ಕೈ ಕುಲುಕಿ ಧನ್ಯವಾದ ಹೇಳಿದ.

ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ನಾನು ಅವನ ತೋಳು ಹಿಡಿದು ನಿಲ್ಲಿಸಿ ಉಗಿದೆ. ಇರುವ ಒಂದು ಮಗುವಿಗೆ ಇಲ್ಲದ ಕಾಯಿಲೆ ಅಂಟಿಸಲು ಮನಸ್ಸು ಹೇಗೆ ಬಂತು ಎಂದೆ. ಅವನು ನಕ್ಕ. ಹಾಳೆಯಲ್ಲಿ ಬರೆದರೆ ಮೈಗೆ ಬರುತ್ತದೆಯೇ, ಹಾಗಿದ್ದರೆ ಕ್ಲಿನಿಕ್ಕಿಗೆ ಬರುವವರೆಲ್ಲ ಇಷ್ಟು ಹೊತ್ತಿಗೆ ಸತ್ತಿರುತ್ತಿದ್ದರು ಎಂದ. ಗುಂಡಿಯೂ ನಕ್ಕಳು. ಅಪ್ಪನ ಕೈ ಹಿಡಿದುಕೊಂಡು ಹಾರಿ ಹಾರಿ ನಡೆಯುತ್ತಿದ್ದಳು. ಕಡ್ಡಿಯನ್ನು ಗುಡ್ಡ ಮಾಡುವವಳು ನಾನೊಬ್ಬಳೇ ಎಂಬಂತೆ ಇಬ್ಬರೂ ನನ್ನನ್ನು ನೋಡಿದರು.

ನಿಜ ಹೇಳಬೇಕೆಂದರೆ ಬೆಳಗಿನ ಹೊತ್ತು ಆ ನೀಲಿ ಪಟ್ಟಿಯಿಂದ ಸುಖವೇ ಸಿಕ್ಕಿತು. ಅದನ್ನು ನೋಡಿದ ಕೂಡಲೇ ಸಾಲಿನಲ್ಲಿ ಮುಂದೆ ಬಿಡುತ್ತಿದ್ದರು. ನೆರಳಿರುವ ಬೆಂಚು ಬಿಟ್ಟುಕೊಡುತ್ತಿದ್ದರು. ಪ್ರತಿ ಸಲವೂ ನನ್ನ ಗಂಡ ನನ್ನತ್ತ ಹುಬ್ಬು ಹಾರಿಸುತ್ತಿದ್ದ. ಮಧ್ಯಾಹ್ನ ಅಂಥದೇ ಬೆಂಚಿನಲ್ಲಿ ಕೂತು ಒಣಗಿದ ಬ್ರೆಡ್ಡಿಗೆ ಮೊಟ್ಟೆ ನೆಂಚಿಕೊಂಡು ತಿಂದೆವು. ಎದುರಿಗೆ ಗಾಜಿನ ಗೋಡೆಯ ಊಟದ ಹೋಟೆಲು. ಒಳಗೆ ಜನ ಬಿಸಿಬಿಸಿ ತಿನ್ನುತ್ತಿದ್ದರು. ಗುಂಡಿ ಅತ್ತ ನೋಡಿದಾಗಲೆಲ್ಲ ಅವಳಪ್ಪ ಅವರೆಲ್ಲ ಎಂಥ ದಡ್ಡರು ನೋಡು ಎನ್ನುತ್ತಿದ್ದ.

ರೈಲಿನ ಆಟ ನಡೆಸುವ ವಯಸ್ಸಾದ ಹೆಂಗಸು ಒಬ್ಬಳು ನೀಲಿ ಪಟ್ಟಿ ನೋಡಿ ನಮ್ಮ ಪಕ್ಕ ಬಂದು ಕೂತಳು. ತನ್ನ ಮೊಮ್ಮಗನಿಗೂ ಇದೇ ಕಾಯಿಲೆ ಎಂದಳು. ಸೂಜಿ ಎಲ್ಲಿ ಚುಚ್ಚಿಸಿಕೊಳ್ಳುತ್ತೀ, ಹೊಟ್ಟೆಗೋ ತೊಡೆಗೋ ಎಂದು ಕೇಳಿದಳು. ಒಂದು ದಿನ ಹೊಟ್ಟೆಗೆ, ಒಂದು ದಿನ ತೊಡೆಗೆ ಎಂದಳು ಗುಂಡಿ. ನೋವಾಗುತ್ತದೆಯೇ ಎಂದರೆ, ಈಗ ಅಭ್ಯಾಸವಾಗಿದೆ, ಅಮ್ಮನಿಗೇ ಅಳು ಬರುತ್ತದೆ ಎಂದಳು. ಆ ಮುದುಕಿಯ ಕಣ್ಣು ತುಂಬಿತು. ನನ್ನ ಮಗಳ ಕೆನ್ನೆ ಸವರಿ, ನೀನು ಧೈರ್ಯವಂತೆ ಎಂದು ಹೇಳಿ ಎದ್ದು ಹೋದಳು. ಅಪ್ಪ ಇದನ್ನೆಲ್ಲ ಕಲಿಸಿರಲಿಲ್ಲ, ಅವನ ಮುಖ ನೋಡಿಯೇ ಗೊತ್ತಾಯಿತು. ಇದು ಅವಳ ಸ್ವಂತದ್ದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ಹಾಗೆ ಹೇಳಿದವರ ಬಾಯಿಗೆ ಮಣ್ಣು ಹಾಕಬೇಕು ಎನ್ನಿಸಿತು.

ಆ ಮುದುಕಿಯ ಹಿಂದೆ ಓಡಿಹೋಗಿ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಐಸ್‌ಕ್ರೀಮ್ ಒಂದು ಆಗಲಿ, ಆಮೇಲೆ ಕೋಣೆಗೆ ಹೋಗಿ ಇಬ್ಬರಿಗೂ ಬುದ್ಧಿ ಹೇಳುತ್ತೇನೆ ಎಂದು ಹಲ್ಲು ಕಚ್ಚಿಕೊಂಡೆ.

ಮೂರು ಗಂಟೆಯ ಹೊತ್ತಿಗೆ ಐಸ್‌ಕ್ರೀಮ್ ಅಂಗಡಿ ಸಿಕ್ಕಿತು. ಚಿತ್ರದಲ್ಲಿದ್ದ ಹಾಗೆಯೇ ಇತ್ತು, ಬಾವುಟವೂ ಸೇರಿ. ಗುಂಡಿ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಳು. ನಾನು ಅಂಗಡಿಯವಳಿಗೆ ಗೋಪುರ ಒಂದು ಕೊಡಿ ಎಂದೆ. ಅವಳು ಚಮಚ ಎತ್ತಿಕೊಂಡವಳು ಗಾಜಿನ ಮೇಲಿದ್ದ ಕೈ ನೋಡಿ ನಿಂತುಬಿಟ್ಟಳು. ಈ ಪಾಪುವಿಗಾದರೆ ಕೊಡುವ ಹಾಗಿಲ್ಲ ಅಮ್ಮ ಎಂದಳು. ನನಗೆ ಎಂದೆ. ನಿಮಗೆ ಕೊಟ್ಟರೂ ಇವಳಿಗೆ ಕೊಡುತ್ತೀರಿ, ಏನಾದರೂ ಆದರೆ ನನ್ನ ಕೆಲಸ ಹೋಗುತ್ತದೆ, ಕ್ಷಮಿಸಿ ಎಂದಳು. ದನಿಯಲ್ಲಿ ಒರಟುತನವಿರಲಿಲ್ಲ, ಅದೇ ಕಷ್ಟ. ಗುಂಡಿಯ ಅಂಗೈಗಳು ಗಾಜಿನಿಂದ ಮೆಲ್ಲಗೆ ಕೆಳಗಿಳಿದವು. ಅವಳು ಅಳಲಿಲ್ಲ. ಅಪ್ಪನ ಕಡೆ ತಿರುಗಿದಳು, ಅವನ ಹತ್ತಿರ ಇದಕ್ಕೂ ಒಂದು ಉಪಾಯವಿರುತ್ತದೆ ಎಂಬ ನಂಬಿಕೆಯಿಂದ.

ಉಪಾಯ ಇತ್ತು. ಅವನು ನಮ್ಮನ್ನು ಮರದ ಹಿಂದೆ ಕರೆದುಕೊಂಡು ಹೋಗಿ ಪಿಸುಗುಟ್ಟಿದ.

"ಆ ಕಡೆ ಇನ್ನೊಂದು ಅಂಗಡಿ ಇದೆ. ನೀನೊಬ್ಬಳೇ ಹೋಗಿ ತಗೊಂಡು ಬಾ. ಹೆಂಗಸರ ಶೌಚಾಲಯ ಪಕ್ಕದಲ್ಲೇ ಇದೆ. ಒಳಗೆ ಹೋಗಿ ಚಿಲಕ ಹಾಕ್ಕೊಂಡು ತಿನ್ನಿಸು. ಯಾರು ನೋಡ್ತಾರೆ?"

ಗುಂಡಿ ಆಗಲೇ ತಲೆಯಾಡಿಸುತ್ತಿದ್ದಳು. ನನಗೆ ಆ ಚಿತ್ರ ಕಣ್ಣಿಗೆ ಕಟ್ಟಿತು. ಐದು ತಿಂಗಳು ಬೀರುವಿನ ಮೇಲಿದ್ದ ಏಳು ಬಣ್ಣ, ಅದನ್ನು ಫಿನಾಯಿಲ್ ವಾಸನೆಯ ಗೂಡಿನೊಳಗೆ, ಕಮೋಡಿನ ಪಕ್ಕ ನಿಂತು, ಬಾಗಿಲು ಬಡಿಯುವ ಮೊದಲು ಗಬಗಬ ನುಂಗುವ ನನ್ನ ಮಗಳು. ಮೈಯೆಲ್ಲ ಉರಿದುಹೋಯಿತು.

"ನನ್ನ ಮಗಳು ಕಕ್ಕಸಲ್ಲಿ ನಿಂತು ತಿನ್ನಲ್ಲ. ಅವಳಿಗೆ ಏನೂ ಆಗಿಲ್ಲ. ನಾನು ಹೋಗಿ ಹೇಳ್ತೀನಿ."

ಬೇಡ ಬೇಡ ಎಂದು ಅವನು ಬೆನ್ನ ಹಿಂದೆ ಬರುತ್ತಿದ್ದ. ಚೀಟಿ ಸುಳ್ಳೆಂದು ಗೊತ್ತಾದರೆ ನಾಳೆಯ ಟಿಕೆಟ್ಟೂ ಹೋಗುತ್ತದೆ, ಡಾಕ್ಟರಿಗೆ ತಿಳಿದರೆ ಕೆಲಸವೂ ಹೋಗುತ್ತದೆ ಎಂದ. ಹೋಗಲಿ ಎಂದೆ. ಗುಂಡಿಯ ಕೈ ಹಿಡಿದು ಎಳೆದುಕೊಂಡೇ ಹೋದೆ. ಅಂಗಡಿಯ ಮುಂದೆ ಸಾಲಿನಲ್ಲಿದ್ದವರನ್ನು ದಾಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಈ ಮಗುವಿಗೆ ಯಾವ ಕಾಯಿಲೆಯೂ ಇಲ್ಲ. ಆ ಚೀಟಿ ಸುಳ್ಳು. ಊಟದ ಖರ್ಚು ಉಳಿಸುವುದಕ್ಕೆ ಇವಳಪ್ಪ ಬರೆದದ್ದು.

ಅಂಗಡಿಯವಳು ನನ್ನನ್ನು ದಿಟ್ಟಿಸಿದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಕರುಣೆ. ತನ್ನ ಅಕ್ಕನೂ ಹೀಗೇ ಹೇಳುತ್ತಿದ್ದಳು, ಮಗನಿಗೆ ಏನೂ ಆಗಿಲ್ಲ ಎಂದು ಎರಡು ವರ್ಷ ಒಪ್ಪಿಕೊಳ್ಳಲೇ ಇಲ್ಲ, ಕದ್ದು ಕದ್ದು ಸಿಹಿ ತಿನ್ನಿಸುತ್ತಿದ್ದಳು ಎಂದಳು. ಹೆತ್ತ ಕರುಳು, ನನಗೆ ಅರ್ಥವಾಗುತ್ತದೆ ಎಂದಳು. ಅರ್ಥವಾಗುವುದು ಏನೂ ಇಲ್ಲ, ಇದು ನಿಜ ಎಂದು ನಾನು ಕಿರುಚಿದೆ. ಕಿರುಚಿದಷ್ಟೂ ಸಾಲಿನಲ್ಲಿದ್ದವರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಸಹಿ ಹಾಕಿದ ಹಾಳೆಯ ಮುಂದೆ ತಾಯಿಯ ಮಾತು ಯಾವ ಲೆಕ್ಕ.

ನಾನು ಗಂಡನ ಕಡೆ ತಿರುಗಿದೆ. ಹೇಳು ಎಂದೆ. ಅದೇ ಮೊದಲ ಸಲ ಜನರ ಮುಂದೆ ಅವನನ್ನು ಏಕವಚನದಲ್ಲಿ ಕರೆದದ್ದು.

ಅವನು ಒಂದು ಕ್ಷಣ ನೆಲ ನೋಡಿದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಅಂಗಡಿಯವಳಿಗೆ ಹೇಳಿದ, ಕ್ಲಿನಿಕ್ಕಿನಲ್ಲಿ ರೋಗಿಗಳ ಮನೆಯವರ ಜೊತೆ ಆಡುವ ಅದೇ ಮೆತ್ತನೆಯ ದನಿಯಲ್ಲಿ.

"ಮಗೂಗೆ ಗೊತ್ತಾಗಿ ಮೂರು ವರ್ಷ ಆಯ್ತು. ಇವಳಿಗೆ ಇನ್ನೂ ಒಪ್ಕೊಳ್ಳೋಕೆ ಆಗ್ತಿಲ್ಲ. ನೀವು ಬೇಜಾರು ಮಾಡ್ಕೋಬೇಡಿ."

ಹೆಗಲಿನ ಮೇಲಿದ್ದ ಆ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ. ಕಿತ್ತೆಸೆದೆ. ನನಗೆ ಇನ್ನೊಬ್ಬಳು ಸಾಕ್ಷಿ ಇದ್ದಳು. ಮಂಡಿಯೂರಿ ಕೂತು ಗುಂಡಿಯ ಎರಡೂ ತೋಳು ಹಿಡಿದು, ನೀನೇ ಹೇಳು, ನಿನಗೆ ಕಾಯಿಲೆ ಇದೆಯಾ ಎಂದು ಕೇಳಿದೆ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಗೋಪುರ ಅವಳ ಕೈಗೆ ಬರುತ್ತಿತ್ತು. ಅವಳು ಅಪ್ಪನ ಮುಖ ನೋಡಿದಳು. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ನನ್ನ ಮುಖ ನೋಡಿದಳು. ಗಾಜಿನೊಳಗಿನ ಏಳು ಬಣ್ಣ ನೋಡಿದಳು. ಆಮೇಲೆ ನನ್ನ ತಲೆ ಸವರಿದಳು.

"ಅಮ್ಮಾ, ಅಳಬೇಡ. ನಂಗೆ ಐಸ್‌ಕ್ರೀಮ್ ಬೇಡ."

ಸಾಲಿನಲ್ಲಿದ್ದ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಯಾರೋ ಪಾರ್ಕಿನ ನರ್ಸನ್ನು ಕರೆದು ತಂದರು.

ನರ್ಸು ಚುರುಕಿನವಳು. ಗಲಾಟೆ ಯಾಕೆ, ಒಂದು ಹನಿ ರಕ್ತ ನೋಡಿದರೆ ಗೊತ್ತಾಗುತ್ತದೆ ಎಂದಳು. ನನಗೆ ಜೀವ ಬಂದ ಹಾಗಾಯಿತು. ಚುಚ್ಚಿ, ಈಗಲೇ ಚುಚ್ಚಿ ಎಂದೆ. ಮಗಳ ಬೆರಳಿಗೆ ಸೂಜಿ ಚುಚ್ಚಿ ಎಂದು ಬೇಡಿಕೊಂಡ ತಾಯಿ ಆ ಪಾರ್ಕಿನಲ್ಲಿ ನಾನೊಬ್ಬಳೇ ಇರಬೇಕು. ಹುಟ್ಟಿದಾಗಿನಿಂದ ಸೂಜಿ ಎಂದರೆ ಮಂಚದ ಕೆಳಗೆ ಅವಿತುಕೊಳ್ಳುವ ಗುಂಡಿ ಬೆರಳು ಮುಂದೆ ಚಾಚಿದಳು. ಚುಚ್ಚಿದಾಗ ಅವಳ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿದ್ದು ನನಗೊಬ್ಬಳಿಗೇ ಕಂಡಿತು. ಅಭ್ಯಾಸವಿರುವವಳ ಹಾಗೆ ಮುಖ ನೆಟ್ಟಗೆ ಇಟ್ಟುಕೊಂಡಿದ್ದಳು.

ನರ್ಸು ಯಂತ್ರ ನೋಡಿ ಹುಬ್ಬೇರಿಸಿದಳು. ನೂರ ಎರಡು ಎಂದಳು. ನೋಡಿದಿರಾ ಎಂದು ನಾನು ಎಲ್ಲರ ಕಡೆ ತಿರುಗಿದೆ. ನರ್ಸು ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿದಳು. ಇಷ್ಟು ಚೆನ್ನಾಗಿ ಹಿಡಿತದಲ್ಲಿ ಇಟ್ಟಿರುವುದನ್ನು ತಾನು ಅಪರೂಪಕ್ಕೆ ನೋಡಿದ್ದೇನೆ ಎಂದಳು. ಮನೆಯ ಊಟ, ಹೊತ್ತು ಹೊತ್ತಿಗೆ, ಅಷ್ಟೇ ಮೇಡಂ ಎಂದ ಅವನು. ಇಂಥ ಅಪ್ಪಂದಿರು ಎಲ್ಲ ಮಕ್ಕಳಿಗೂ ಸಿಗುವುದಿಲ್ಲ ಎಂದಳು ಅವಳು. ಯಾರೋ ಎರಡು ಚಪ್ಪಾಳೆ ಕೂಡ ತಟ್ಟಿದರು.

ಆಮೇಲೆ ಅವಳೇ ಒಳಗೆ ಹೋಗಿ ಸಕ್ಕರೆ ಹಾಕದ ಐಸ್‌ಕ್ರೀಮ್ ಒಂದು ಉಂಡೆ ಕಾಗದದ ಬಟ್ಟಲಲ್ಲಿ ಹಾಕಿಸಿಕೊಂಡು ಬಂದಳು. ಬಿಳಿಯದು. ದುಡ್ಡು ತೆಗೆದುಕೊಳ್ಳಲಿಲ್ಲ. ಗುಂಡಿ ಮರದ ಚಮಚದಲ್ಲಿ ಚೂರು ಚೂರೇ ತಿಂದಳು, ಅರ್ಧಕ್ಕೆ ನಿಲ್ಲಿಸಿ, ಜಾಸ್ತಿ ಒಳ್ಳೆಯದಲ್ಲ ಎಂದು ಬಟ್ಟಲನ್ನು ಕೆಳಗಿಟ್ಟಳು. ನರ್ಸು ಅವಳ ಕೆನ್ನೆ ಚಿವುಟಿ ಹೋದಳು. ಜನ ಚದುರಿದರು. ನನ್ನ ಗಂಡ ಉಳಿದರ್ಧವನ್ನು ಎತ್ತಿಕೊಂಡು ನೆಕ್ಕಿ ಮುಗಿಸಿ, ಪುಕ್ಕಟೆ ಎಂದ.

ಆ ಒಂದು ಮಾತಿಗೆ ನನ್ನೊಳಗೆ ಏನೋ ಹರಿದುಹೋಯಿತು. ನನಗೆ ಅವನನ್ನು ಹೊಡೆಯಬೇಕೆನ್ನಿಸಿತು. ಹೊಡೆದಿದ್ದರೆ ಅದನ್ನೂ ಜನ ಪಾಪ ಎನ್ನುತ್ತಿದ್ದರು. ಏನು ಮಾಡಿದರೂ ಅದು ಅವನು ಕಟ್ಟಿದ ಕಥೆಯೊಳಗೇ ಹೋಗಿ ಕೂರುತ್ತಿತ್ತು. ಅದಕ್ಕೇ ಅವನಿಗೆ ಎಲ್ಲಕ್ಕಿಂತ ನೋವಾಗುವುದು ಯಾವುದೋ ಅದನ್ನು ಮಾಡಲು ಹೊರಟೆ. ಮೊಟ್ಟೆ, ಬ್ರೆಡ್ಡಿನ ಚೀಲವನ್ನು ಅವನ ಕಾಲ ಬುಡದಲ್ಲಿ ಇಟ್ಟೆ.

"ನಾನು ಮಧ್ಯಾಹ್ನ ನೋಡಿದ ಆ ಗಾಜಿನ ಹೋಟೆಲಲ್ಲಿ ಊಟ ಮಾಡ್ತೀನಿ. ಎಷ್ಟಾದ್ರೂ ಕೊಡ್ತೀನಿ, ನನ್ನ ಸಂಬಳದ್ದು. ಗುಂಡಿ, ನೀನು ಬರೋದಾದ್ರೆ ಬಾ. ನೀಲಿ ಪಟ್ಟಿ ನೋಡಿ ಅಲ್ಲೂ ತಡೀತಾರೆ, ಬಾಗಿಲಲ್ಲಿ ಇರೋರಿಗೆ ಒಂದೇ ಮಾತು ಹೇಳ್ಬೇಕು. ನಂಗೆ ಕಾಯಿಲೆ ಇಲ್ಲ, ಅಪ್ಪ ಸುಳ್ಳು ಹೇಳಿದ್ದು ಅಂತ. ಹೇಳಿದ್ರೆ ಒಳಗೆ ಬಿಡ್ತಾರೆ. ಏನು ಬೇಕಾದ್ರೂ ತಿನ್ನು."

ಒಳಗೆ ಹೋಗಿ ಗಾಜಿನ ಪಕ್ಕದ ಮೇಜಿನಲ್ಲಿ ಕೂತೆ. ದರದ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯ ಊಟಕ್ಕೆ ಬೆರಳಿಟ್ಟು ಅದೇ ತನ್ನಿ ಎಂದೆ. ಮೂರು ತಟ್ಟೆಗಳಲ್ಲಿ ಬಂತು. ಇನ್ನೊಂದು ಖಾಲಿ ತಟ್ಟೆಯನ್ನೂ ತರಿಸಿ ಎದುರಿನ ಕುರ್ಚಿಯ ಮುಂದೆ ಇಟ್ಟುಕೊಂಡೆ.

ನನ್ನ ಹಿಂದೆಯೇ ಬಂದ ಇಬ್ಬರೂ ಗಾಜಿನಾಚೆ ಬೆಂಚಿನ ಮೇಲೆ ಕೂತಿದ್ದರು. ಗುಂಡಿ ಏನೋ ಕೇಳುತ್ತಿದ್ದಳು. ಅವನು ಕೈ ಬೀಸಿ ಬೇಡ ಎನ್ನುತ್ತಿದ್ದ. ನಾನು ಒಂದೊಂದೇ ತುತ್ತು ತಿನ್ನುತ್ತಿದ್ದೆ, ಕಣ್ಣು ಅಲ್ಲೇ ಇತ್ತು. ಬಾ ಮಗಳೇ, ಅಷ್ಟು ದೂರ ಬಾ ಎಂದು ಮನಸ್ಸಿನಲ್ಲೇ ಕರೆಯುತ್ತಿದ್ದೆ. ಅವಳು ಎದ್ದಳು. ಅಪ್ಪನ ಕೈ ಬಿಡಿಸಿಕೊಂಡು ಒಬ್ಬಳೇ ಬಾಗಿಲಿನವರೆಗೆ ಬಂದಳು. ಬಾಗಿಲಲ್ಲಿದ್ದವನು ನೀಲಿ ಪಟ್ಟಿ ನೋಡಿ ಅಡ್ಡ ನಿಂತ. ಅವಳು ತಲೆಯೆತ್ತಿ ಮಾತಾಡತೊಡಗಿದಳು. ಬಹಳ ಹೊತ್ತು ಮಾತಾಡಿದಳು. ಒಂದು ಸಲ ನನ್ನ ಕಡೆ ಬೆರಳು ತೋರಿಸಿದಳು. ಅವನು ಬಗ್ಗಿ ಕೇಳಿಸಿಕೊಂಡ, ನನ್ನತ್ತ ನೋಡಿದ, ಅವಳ ತಲೆ ಸವರಿದ. ಹೇಳಿದಳು, ನನ್ನ ಮಗಳು ಹೇಳಿಬಿಟ್ಟಳು. ಖಾಲಿ ತಟ್ಟೆಗೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಡಿಸಿದೆ.

ಬಡಿಸಿ ತಲೆಯೆತ್ತಿದರೆ ಗುಂಡಿ ಅಪ್ಪನ ಹತ್ತಿರ ವಾಪಸ್ಸು ಓಡುತ್ತಿದ್ದಳು.

ಬಾಗಿಲಿನವನು ನನ್ನ ಮೇಜಿನ ಹತ್ತಿರ ಬಂದ. ಮಗು ಎಲ್ಲ ಹೇಳಿತು ಎಂದ. ಏನು ಹೇಳಿದಳು ಎಂದು ಕೇಳಿದೆ. ಅವನು ನೀರಿನ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದ, ಅದು ಕೈಜಾರಿ ಬೀಳಬಹುದೆಂಬ ಹಾಗೆ.

"ನಮ್ಮಮ್ಮಂಗೆ ಮನಸ್ಸು ಸರಿ ಇಲ್ಲ, ಗೊತ್ತಾಗ್ದೆ ಒಳಗೆ ಹೋಗಿ ಕೂತಿದ್ದಾಳೆ, ಅವಳ ಹತ್ರ ದುಡ್ಡಿಲ್ಲ, ಬಯ್ಬೇಡಿ ಅಂತು. ನಮ್ಮ ಮ್ಯಾನೇಜರಿಗೆ ಹೇಳಿದೀನಿ. ನೀವು ನಿಧಾನವಾಗಿ ಊಟ ಮಾಡಿ ಅಮ್ಮ, ಏನೂ ಕೊಡೋದು ಬೇಡ."

ಗಾಜಿನಾಚೆಯಿಂದ ನನ್ನ ಮಗಳು ನನಗೆ ಹೆಬ್ಬೆರಳೆತ್ತಿ ತೋರಿಸಿ ನಕ್ಕಳು.